ವಾಚಿನ ಕಿಲೋಮೀಟರೂ ಓಟದ ಪ್ಲಾನೂ ತಾಳೆಯಾಗದಿದ್ದಾಗ: ಕಲಬುರಗಿ, ಬೀದರ, ಯಾದಗಿರಿ ಓಟಗಾರರಿಗೆ ದೋಷ ಹುಡುಕುವ ದಾರಿ

ಬೆಳಗಿನ ಓಟ ಮುಗಿಸಿ ಬಂದವರ ಬಾಯಲ್ಲಿ ಜಾಸ್ತಿ ಕೇಳಿಬರುವ ದೂರು ಎರಡು. ಒಂದು: "ಅಣ್ಣಾ, ನನ್ನ ವಾಚ್ ಒಂಬತ್ತು ಕಿಲೋಮೀಟರ್ ಅಂತದ, ನನ್ನ ದೋಸ್ತಂದು ಎಂಟೂವರಿ ಅಂತದ. ಇಬ್ಬರೂ ಕೂಡೇ ಓಡೀವಿ. ಯಾವುದು ಖರೆ?" ಇನ್ನೊಂದು: "ಪ್ಲಾನಿನಾಗ ಬರೆದ ಪೇಸ್ ಸಿಗವಲ್ದು ರೀ. ಪ್ಲಾನ್ ಬದಲಿ ಮಾಡ್ಲೇನು?"

ಕೇಳಿದರೆ ಎರಡೂ ಬೇರೆ ಬೇರೆ ತೊಂದರೆ ಅನಿಸುತ್ತದೆ. ಆದರೆ ಎಷ್ಟೋ ಸಲ ಎರಡನೆಯದು ಹುಟ್ಟುವುದೇ ಮೊದಲನೆಯದರಿಂದ. ದೂರ ತಪ್ಪಾಗಿ ಬಿದ್ದರೆ ಪೇಸ್, ಅಂದರೆ ಒಂದು ಕಿಲೋಮೀಟರಿಗೆ ಹಿಡಿದ ಸಮಯ, ತಪ್ಪುತ್ತದೆ. ಆ ಪೇಸ್ ನಂಬಿ ಹಾಕಿದ ಮುಂದಿನ ವಾರದ ಗುರಿಯೂ ತಪ್ಪುತ್ತದೆ. ಹಾಗಾಗಿ ಹುಡುಕುವ ಕ್ರಮ ಹೀಗಿರಲಿ: ಮೊದಲು ಅಳತೆ ನೋಡಿ, ಆಮೇಲೆ ಮೈ ನೋಡಿ, ಕೊನೆಗೆ ಪ್ಲಾನ್ ಮುಟ್ಟಿ. ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಪೇಸ್ ಸಿಗಲಿಲ್ಲ ಅಂದ ಕೂಡಲೇ ಪ್ಲಾನ್ ಬದಲಾಯಿಸುತ್ತಾರೆ, ಎರಡು ವಾರ ಆದಮೇಲೆ ಮತ್ತೆ ಅದೇ ಗೋಳು.

ಸಣ್ಣ ತಪ್ಪು ಎಷ್ಟು ದೊಡ್ಡದಾಗುತ್ತದೆ

ನೀವು ನಿಜವಾಗಿ 5 ಕಿಲೋಮೀಟರನ್ನು 30 ನಿಮಿಷಕ್ಕೆ ಓಡಿದಿರಿ ಅಂದುಕೊಳ್ಳಿ. ಪೇಸ್ ಕಿಲೋಮೀಟರಿಗೆ 6 ನಿಮಿಷ. ವಾಚ್ ಅದನ್ನು 5.15 ಕಿಲೋಮೀಟರ್ ಅಂತ ಬರೆದುಕೊಂಡಿತು. ತಪ್ಪು ಬರೀ ನೂರಕ್ಕೆ ಮೂರು. ಅದರ ಲೆಕ್ಕದಲ್ಲಿ ನಿಮ್ಮ ಪೇಸ್ ಈಗ 5 ನಿಮಿಷ 50 ಸೆಕೆಂಡ್ ಆಸುಪಾಸು. ಹತ್ತು ಸೆಕೆಂಡ್ ತಾನೇ ಅನ್ನಬೇಡಿ. ಹಾಫ್ ಮ್ಯಾರಥಾನ್ ಅಂದರೆ 21.0975 ಕಿಲೋಮೀಟರ್. ಅಷ್ಟು ದೂರಕ್ಕೆ ಇದೇ ಲೆಕ್ಕ ಹಿಡಿದರೆ ನೀವು 2 ಗಂಟೆ 6 ನಿಮಿಷ 35 ಸೆಕೆಂಡಿನ ಓಟಗಾರ. ಆ್ಯಪ್ ಕಣ್ಣಿಗೆ 2 ಗಂಟೆ 3 ನಿಮಿಷದೊಳಗೆ ಮುಗಿಸುವವರು. ತಾನಾಗಿಯೇ ಗುರಿ ಬದಲಿಸುವ ಪ್ಲಾನ್ ಇದ್ದರೆ ಅದು ನಿಮ್ಮ ಕೈಲಾಗದ ವೇಗವನ್ನು ವಾರ ವಾರವೂ ಕೇಳುತ್ತಾ ಹೋಗುತ್ತದೆ. ಮೊಣಕಾಲ ಕೆಳಗಿನ ಎಲುಬು ನೋಯುವುದಕ್ಕೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ತಪ್ಪು ಉಲ್ಟಾ ಆಗುವುದೂ ಉಂಟು. ಅದೇ 5 ಕಿಲೋಮೀಟರ್ 4.7 ಅಂತ ಬಿದ್ದರೆ ಪೇಸ್ 6 ನಿಮಿಷ 23 ಸೆಕೆಂಡ್ ಆಗುತ್ತದೆ. ನೀವು ಚೆನ್ನಾಗಿ ಓಡಿದ ದಿನವೇ ಮನಸ್ಸು ಕುಗ್ಗುತ್ತದೆ. ಮಾರನೇ ದಿನ ಸುಮ್ನೆ ಜೋರು ಓಡಿ ಕಾಲು ಕೆಡಿಸಿಕೊಳ್ಳುತ್ತೀರಿ.

ನಕ್ಷೆಯ ಮೇಲಿನ ಗೆರೆ ನೋಡಿ

ದೂರದ ಅಂಕಿ ನೋಡಿ ದೋಷ ಗೊತ್ತಾಗುವುದಿಲ್ಲ. ನೀವು ಓಡಿದ ದಾರಿ ಅಂತ ಆ್ಯಪ್ ನಕ್ಷೆಯ ಮೇಲೆ ಎಳೆದ ಗೆರೆ ನೋಡಿದರೆ ಗೊತ್ತಾಗುತ್ತದೆ. ಆ್ಯಪಿನಲ್ಲಿ ಓಟ ತೆರೆಯಿರಿ, ನಕ್ಷೆಯನ್ನು ಸ್ಯಾಟಲೈಟ್ ಚಿತ್ರಕ್ಕೆ ಬದಲಿಸಿ, ರಸ್ತೆಯ ಅಂಚು ಕಾಣುವಷ್ಟು ದೊಡ್ಡದು ಮಾಡಿ. ಈಗ ಶುರುವಿನಿಂದ ಕೊನೆತನಕ ನಿಧಾನವಾಗಿ ಸರಿಸಿಕೊಂಡು ಹೋಗಿ.

ಗೆರೆ ನೀವು ನಿಂತ ಜಾಗದಿಂದಲ್ಲ, ಎಲ್ಲೋ ಪಕ್ಕದ ಗಲ್ಲಿಯಿಂದ ಶುರುವಾಗಿ ಒಂದೇ ಏಟಿಗೆ ರಸ್ತೆಗೆ ಹಾರಿದೆಯಾ? ಮೊದಲ ಕಿಲೋಮೀಟರ್ ನಂಬಲಾಗದಷ್ಟು ಜೋರಾಗಿದೆಯಾ? ಹಾಗಿದ್ದರೆ ಸಿಗ್ನಲ್ ಪಕ್ಕಾ ಆಗುವ ಮೊದಲೇ ನೀವು ಓಟ ಶುರು ಮಾಡಿದ್ದೀರಿ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ನೀವಿರುವ ಜಾಗ ಲೆಕ್ಕ ಹಾಕಲು ವಾಚಿಗೆ ಕನಿಷ್ಠ ನಾಲ್ಕು ಉಪಗ್ರಹ ಕಾಣಬೇಕು. ಬರೀ ಕಂಡರೆ ಸಾಲದು, ಪ್ರತಿಯೊಂದೂ ತಾನು ಎಲ್ಲಿದ್ದೇನೆ ಅನ್ನುವ ಮಾಹಿತಿಯನ್ನು ಕಳಿಸಬೇಕು. ಆ ಮಾಹಿತಿ 30 ಸೆಕೆಂಡಿಗೊಮ್ಮೆ ಮರುಕಳಿಸುತ್ತದೆ. ನಡುವೆ ಸಿಗ್ನಲ್ ಕಡಿದರೆ ಮತ್ತೆ ಕಾಯಬೇಕು. ಮೊಬೈಲ್ ಇದನ್ನು ಇಂಟರ್ನೆಟ್ಟಿನಿಂದ ತಂದುಕೊಳ್ಳುತ್ತದೆ, ಅದಕ್ಕೇ ಬೇಗ ಸಿದ್ಧವಾಗುತ್ತದೆ. ವಾಚಿಗೆ ನೀವೇ ಕೊಡಿಸಬೇಕು: ರಾತ್ರಿ ಮಲಗುವ ಮುಂಚೆ ಮೊಬೈಲ್ ಜೊತೆ ಒಮ್ಮೆ ಸಿಂಕ್ ಮಾಡಿ. ಬೆಳಿಗ್ಗೆ ಜಿನಾದಲ್ಲಿ, ಪೋರ್ಚಿನ ಕೆಳಗೆ ನಿಂತು ಬಟನ್ ಒತ್ತಬೇಡಿ. ಬಯಲಿಗೆ ಬನ್ನಿ, ಓಟದ ಮೋಡ್ ತೆರೆಯಿರಿ, ಸಿಗ್ನಲ್ ಸಿಕ್ಕಿತು ಅಂತ ವಾಚ್ ಹೇಳಿದ ಮೇಲೂ ಒಂದೆರಡು ನಿಮಿಷ ಕೈಕಾಲು ಸಡಿಲಿಸುತ್ತಾ ನಿಲ್ಲಿ. ರೈಲು ಹತ್ತಿ ಬೇರೆ ಊರಿಗೆ ಹೋಗಿ ಓಡುವಾಗ ಇನ್ನೂ ಸ್ವಲ್ಪ ಜಾಸ್ತಿ ಕಾಯಿರಿ.

ಗೆರೆ ಹಾವಿನ ಹಾಗೆ ರಸ್ತೆಯ ಆಚೆ ಈಚೆ ಓಡಾಡಿದೆಯಾ, ಮನೆಗಳ ಮೇಲೆಲ್ಲ ಹಾದಿದೆಯಾ? ಇದು ಗೋಡೆಗೆ ಬಡಿದು ಬಂದ ಸಿಗ್ನಲ್ಲಿನ ಕೆಲಸ. ವಾಚ್ ದೂರ ಅಳೆಯುವುದು ಸಮಯದಿಂದ. ಸಿಗ್ನಲ್ ಬೆಳಕಿನ ವೇಗದಲ್ಲಿ ಬರುತ್ತದೆ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಸೆಕೆಂಡಿನ ನೂರು ಕೋಟಿಯ ಒಂದು ಭಾಗಕ್ಕೆ ನ್ಯಾನೊಸೆಕೆಂಡ್ ಅನ್ನುತ್ತಾರೆ. ಅಂಥ 10 ನ್ಯಾನೊಸೆಕೆಂಡ್ ತಡವಾದರೆ 3 ಮೀಟರ್ ತಪ್ಪು. ಸಿಗ್ನಲ್ ನೇರ ಬರದೆ ಗೋಡೆಗೆ ತಾಕಿ, 30 ಮೀಟರ್ ಸುತ್ತು ಹಾಕಿ ಬಂದರೆ ವಾಚಿಗೆ ಅದು ಸುತ್ತು ಅಂತ ತಿಳಿಯುವುದು ಕಷ್ಟ.

ಬೀದರ ಹಳೇ ಊರಿನೊಳಗಿನ ಓಟದ ಗೆರೆ ಇದಕ್ಕೆ ಒಳ್ಳೆಯ ಪಾಠ. ಚೌಬಾರದಿಂದ ಕೋಟೆಯ ಕಡೆ ಓಡಿದ್ದನ್ನು ತೆರೆದು ನೋಡಿ. 71 ಅಡಿ ಎತ್ತರದ ಚೌಬಾರ ಗೋಪುರದ ಸುತ್ತಮುತ್ತ ಗೆರೆ ಗಂಟು ಗಂಟಾಗುತ್ತದೆ. ಎರಡೂ ಕಡೆ ಕಟ್ಟಡ ಒತ್ತಿಕೊಂಡ ಕಡೆ ಅಂಗಡಿಗಳ ಮೇಲೆ ಹತ್ತಿ ಇಳಿಯುತ್ತದೆ. ಮಹಮೂದ್ ಗವಾನ್ ಮದರಸಾದ ಎತ್ತರದ ಗೋಡೆಯ ಪಕ್ಕ ಒಂದು ಮಗ್ಗುಲಿಗೆ ವಾಲುತ್ತದೆ. ಕೋಟೆಯ ಕಲ್ಲಿನ ದರವಾಜದೊಳಗೆ ಹೋಗುವಾಗ ನಿಂತು, ಆಚೆ ಹೊರಬಂದ ಮೇಲೆ ದಿಢೀರನೆ ಮುಂದೆ ಹಾರುತ್ತದೆ. ಕೋಟೆಯೊಳಗಿನ ಬಯಲಿಗೆ ಬಂದದ್ದೇ ತಡ, ಗೆರೆ ನೆಟ್ಟಗಾಗುತ್ತದೆ. ವಾಚ್ ಅದೇ, ಓಟಗಾರನೂ ಅವನೇ, ಬದಲಾಗಿದ್ದು ತಲೆ ಮೇಲಿನ ಆಕಾಶ ಮಾತ್ರ. ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಓಣಿಗಳಲ್ಲಿ, ಕೋಟೆಯ ಗೋಡೆಗೆ ತೀರಾ ಅಂಟಿಕೊಂಡು ಓಡುವಾಗ ಇದೇ ಕಥೆ. ಅದೇ ವಾಚ್ ಕಟ್ಟಿಕೊಂಡು ವಿಶ್ವವಿದ್ಯಾಲಯದ ಜ್ಞಾನಗಂಗಾ ಕಡೆಯ ಬಯಲಲ್ಲಿ ಓಡಿ ನೋಡಿ, ಎಷ್ಟು ಸಭ್ಯವಾಗಿ ಗೆರೆ ಎಳೆಯುತ್ತದೆ.

ಈ ದೋಷಕ್ಕೆ ಸೆಟ್ಟಿಂಗ್ ಸ್ವಲ್ಪ ಸಹಾಯ ಮಾಡುತ್ತದೆ. ಅಮೆರಿಕದ ಜಿಪಿಎಸ್ ಒಂದನ್ನೇ ಅಲ್ಲ, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದು, ನಮ್ಮ ನಾವಿಕ್ ಇವುಗಳಲ್ಲಿ ನಿಮ್ಮ ವಾಚಿಗೆ ಯಾವುದು ಬರುತ್ತದೋ ಅದನ್ನೂ ಆನ್ ಮಾಡಿ. ಎರಡು ತರಂಗಗಳನ್ನು ಒಟ್ಟಿಗೆ ಹಿಡಿಯುವ ವಾಚ್ ಇದ್ದರೆ ಇನ್ನೂ ವಾಸಿ. ಎಲ್1 ಅನ್ನುವ 1575.42 ಮೆಗಾಹರ್ಟ್ಸಿನ ಹಳೆಯ ತರಂಗದ ಜೊತೆ ಎಲ್5 ಅನ್ನುವ 1176.45 ಮೆಗಾಹರ್ಟ್ಸಿನದೂ ಸಿಕ್ಕರೆ, ಬಡಿದು ಬಂದ ಸಿಗ್ನಲ್ ಯಾವುದು, ನೇರ ಬಂದದ್ದು ಯಾವುದು ಅಂತ ಬೇರ್ಪಡಿಸುವುದು ಸುಲಭ. ಬ್ಯಾಟರಿ ಮಾತ್ರ ಬೇಗ ಖಾಲಿಯಾಗುತ್ತದೆ. ಆದರೆ ಯಾವ ಸೆಟ್ಟಿಂಗೂ ಚೌಬಾರವನ್ನು ಪಕ್ಕಕ್ಕೆ ಸರಿಸುವುದಿಲ್ಲ ಅಲ್ವಾ? ಪೇಸ್ ಮುಖ್ಯವಾದ ದಿನ ಬಯಲು ರಸ್ತೆಗೆ ಹೋಗಿ. ಹಳೇ ಊರಿನ ಓಣಿಗಳು ಈಸಿ ಓಟಕ್ಕಿರಲಿ. ಅಲ್ಲಿ ಓಡುವ ಖುಷಿಗೆ ಪೇಸಿನ ಹಂಗು ಬೇಡ.

ಗೆರೆ ಅಲ್ಲಲ್ಲಿ ಸ್ಕೇಲ್ ಇಟ್ಟು ಎಳೆದ ಹಾಗೆ ನೇರವಾಗಿ, ಹೊಲ ಮನೆ ಎಲ್ಲ ಸೀಳಿಕೊಂಡು ಹೋಗಿದೆಯಾ? ಮೊಬೈಲಿನಲ್ಲಿ ರೆಕಾರ್ಡ್ ಮಾಡುವವರಲ್ಲಿ ಇದೇ ಜಾಸ್ತಿ. ಉಪಗ್ರಹದ ತಪ್ಪಲ್ಲ. ಬ್ಯಾಟರಿ ಉಳಿಸಲು ಫೋನ್ ನಿಮ್ಮ ಆ್ಯಪನ್ನು ನಡುದಾರಿಯಲ್ಲಿ ಮಲಗಿಸಿದೆ. ಎಚ್ಚರವಾದಾಗ ಹಿಂದಿನ ಬಿಂದುವಿಗೂ ಈಗಿನ ಬಿಂದುವಿಗೂ ನೇರ ಗೆರೆ ಎಳೆದಿದೆ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ನಿಮ್ಮ ಓಟದ ಆ್ಯಪ್, ಬ್ಯಾಟರಿ ಅಂತ ಹೋಗಿ 'ಅನ್‌ರಿಸ್ಟ್ರಿಕ್ಟೆಡ್' ಆರಿಸಿ. ಲೊಕೇಶನ್ ಅನುಮತಿಯಲ್ಲಿ 'ಪ್ರಿಸೈಸ್' ಆನ್ ಇರಬೇಕು. ಬ್ಯಾಟರಿ ಸೇವರ್ ಆಫ್ ಇರಬೇಕು. ಕೆಲವು ಫೋನುಗಳಲ್ಲಿ ಇದಲ್ಲದೆ ಆಟೊಸ್ಟಾರ್ಟ್ ಅಂತ ಇನ್ನೊಂದು ಅನುಮತಿ ಬೇರೆ ಕಡೆ ಇರುತ್ತದೆ, ಅದನ್ನೂ ಕೊಡಿ. ಫೋನ್ ಅಪ್‌ಡೇಟ್ ಆದಮೇಲೆ ಇವು ಮತ್ತೆ ಹಳೆಯ ಸ್ಥಿತಿಗೆ ಹೋಗಬಹುದು. ನಿನ್ನೆತನಕ ಸರಿ ಇದ್ದದ್ದು ಇವತ್ತು ಕೆಟ್ಟರೆ ಮೊದಲು ಇಲ್ಲೇ ನೋಡಿ.

ತಿರುವುಗಳೆಲ್ಲ ಕತ್ತರಿಸಿ ಹೋಗಿದ್ದರೆ ಬಿಂದುಗಳು ಸಾಲುತ್ತಿಲ್ಲ ಅಂತ ಅರ್ಥ. ಗಾರ್ಮಿನ್ ವಾಚುಗಳಲ್ಲಿ 'ಸ್ಮಾರ್ಟ್' ರೆಕಾರ್ಡಿಂಗ್ ಬಿಟ್ಟು ಸೆಕೆಂಡಿಗೊಮ್ಮೆ ಅನ್ನುವುದನ್ನು ಆರಿಸಿಕೊಳ್ಳಬಹುದು. ಬೇರೆ ವಾಚುಗಳಲ್ಲಿ ಬ್ಯಾಟರಿ ಉಳಿಸುವ ಮೋಡಿನಿಂದ ಹೊರಬನ್ನಿ. ಅಪ್ಪನ ಕೆರೆಯ ಸುತ್ತ ಹಾಕುವಂಥ ಸಣ್ಣ ಸುತ್ತುಗಳಲ್ಲಿ ಈ ದೋಷ ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ದೂರ ನುಂಗುತ್ತದೆ.

ಗೆರೆಯ ಆಕಾರ ಸರಿಯಾಗಿದ್ದು, ಇಡೀ ಗೆರೆ ರಸ್ತೆಯಿಂದ ಐದಾರು ಮೀಟರ್ ಪಕ್ಕಕ್ಕೆ ಸರಿದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನಕ್ಷೆಯ ಚಿತ್ರವೇ ಅಷ್ಟು ಸರಿದಿರಬಹುದು. ದೂರದ ಲೆಕ್ಕಕ್ಕೆ ಏನೂ ಆಗಿಲ್ಲ.

ಗೆರೆ ಚೊಕ್ಕವಾಗಿದ್ದೂ ಪೇಸ್ ಅನುಮಾನ ಹುಟ್ಟಿಸಿದರೆ ಆಟೊ ಪಾಸ್ (auto pause), ಅಂದರೆ ನೀವು ನಿಂತಾಗ ಸಮಯದ ಎಣಿಕೆಯನ್ನೂ ತಾನೇ ನಿಲ್ಲಿಸುವ ಸೆಟ್ಟಿಂಗ್, ನೋಡಿ. ಜಗತ್ ಸರ್ಕಲ್ಲಿನಲ್ಲಿ ನಿಂತಿರಿ, ಎಸ್‌ವಿಪಿ ಸರ್ಕಲ್ಲಿನಲ್ಲಿ ನಿಂತಿರಿ, ನೀರು ಕುಡಿಯಲು ನಿಂತಿರಿ. ಆ ನಿಮಿಷಗಳನ್ನೆಲ್ಲ ಆ್ಯಪ್ ತೆಗೆದುಹಾಕಿ ಓಡಿದ ಹೊತ್ತಿನ ಪೇಸ್ ಮಾತ್ರ ತೋರಿಸುತ್ತದೆ. ಸ್ಪರ್ಧೆಯ ದಿನ ಗಡಿಯಾರ ನಿಲ್ಲುವುದಿಲ್ಲ. ಟೆಂಪೊ ಓಟಕ್ಕೆ, ಅಂದರೆ ಒಂದೇ ಸಮನೆ ಜೋರಾಗಿ ಓಡುವ ದಿನಕ್ಕೆ, ಆಟೊ ಪಾಸ್ ಆಫ್ ಇಡುವುದೇ ಒಳ್ಳೆಯದು.

ಗೊತ್ತಿರುವ ನೆಲದ ಮೇಲೆ ಪರೀಕ್ಷೆ

ಗೆರೆ ನೋಡಿದರೆ ದೋಷದ ಜಾತಿ ತಿಳಿಯುತ್ತದೆ. ಅದರ ಗಾತ್ರ ತಿಳಿಯಲು ಅಳೆದ ನೆಲ ಬೇಕು. ಈ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಸ್ಟ್ಯಾಂಡರ್ಡ್ ಟ್ರ್ಯಾಕ್ ಸಿಕ್ಕರೆ ಒಳಗಿನ ಮೊದಲ ಲೇನ್ ಒಂದು ಸುತ್ತಿಗೆ 400 ಮೀಟರ್, 5 ಕಿಲೋಮೀಟರಿಗೆ 12 ಸುತ್ತೂವರೆ. ಲೇನಿನ ಅಗಲ 1.22 ಮೀಟರ್, ಹಾಗಾಗಿ ಒಂದೊಂದು ಲೇನ್ ಹೊರಗೆ ಸರಿದಂತೆ ಸುತ್ತಿಗೆ 7.66 ಮೀಟರ್ ಕೂಡುತ್ತದೆ. ನಾಲ್ಕನೇ ಲೇನಿನಲ್ಲಿ ಓಡಿದರೆ ಸುತ್ತಿಗೆ ಸುಮಾರು 423 ಮೀಟರ್. ಹನ್ನೆರಡೂವರೆ ಸುತ್ತಿಗೆ 287 ಮೀಟರ್ ಜಾಸ್ತಿ ಓಡಿರುತ್ತೀರಿ. ಎಷ್ಟೋ ಜನ ಇದನ್ನು ಮರೆತು ವಾಚನ್ನು ಬೈಯುತ್ತಾರೆ. ಕಾಲೇಜು ಮೈದಾನದಲ್ಲಿ ಸುಣ್ಣ ಬಳಿದು ಮಾಡಿದ ಟ್ರ್ಯಾಕ್ 400 ಮೀಟರ್ ಅಂತ ಯಾರೋ ಹೇಳಿದ ಮಾತ್ರಕ್ಕೆ ನಂಬಬೇಡಿ, ಅಳೆಯಿರಿ.

ಟ್ರ್ಯಾಕ್ ಇಲ್ಲದಿದ್ದರೆ ಸೈಕಲ್ ಸಾಕು. ಮುಂದಿನ ಟೈರಿಗೆ ಹವಾ ಗಟ್ಟಿ ಹಾಕಿ. ಟೈರಿನ ಒಂದು ಕಡೆ ಚಾಕ್‌ಪೀಸಿನಿಂದ ದಪ್ಪ ಗೆರೆ ಎಳೆಯಿರಿ, ಅದೇ ಗೆರೆಯ ನೇರಕ್ಕೆ ನೆಲದ ಮೇಲೂ ಒಂದು ಗುರುತು ಹಾಕಿ. ನೀವು ಸೀಟಿನ ಮೇಲೆ ಕೂತಿರಬೇಕು, ಯಾಕೆಂದರೆ ಭಾರ ಬಿದ್ದಾಗ ಟೈರ್ ಸ್ವಲ್ಪ ಅಮುಕಿ ಸುತ್ತಳತೆ ಕಡಿಮೆಯಾಗುತ್ತದೆ. ಗೆಳೆಯರೊಬ್ಬರು ಪಕ್ಕದಲ್ಲಿ ನಡೆಯುತ್ತಾ ಎಣಿಸಲಿ. ಗೆರೆ ಹತ್ತು ಸಲ ನೆಲ ಮುಟ್ಟಿದ ಕಡೆ ಎರಡನೇ ಗುರುತು. ನಡುವಿನ ದೂರವನ್ನು ಗೌಂಡಿಗಳ ಟೇಪಿನಿಂದ ಅಳೆಯಿರಿ. 21.6 ಮೀಟರ್ ಬಂತು ಅನ್ನಿ. ಅಂದರೆ ಸುತ್ತಿಗೆ 2.16 ಮೀಟರ್. ಒಂದು ಕಿಲೋಮೀಟರಿಗೆ 463 ಸುತ್ತು. ಬೆಳಿಗ್ಗೆ ವಾಹನ ಕಡಿಮೆ ಇರುವ, ಮರ ಕಟ್ಟಡ ಇಲ್ಲದ ನೇರ ರಸ್ತೆ ಹುಡುಕಿ, ಅಷ್ಟು ಸುತ್ತು ಎಣಿಸಿ ಎರಡೂ ತುದಿಗೆ ಬಣ್ಣದ ಗುರುತು ಹಾಕಿಬಿಡಿ. ದೊಡ್ಡ ಸ್ಪರ್ಧೆಗಳ ರಸ್ತೆಯನ್ನು ಅಳೆಯುವುದೂ ಸೈಕಲ್ ಚಕ್ರಕ್ಕೆ ಎಣಿಕೆ ಯಂತ್ರ ಕಟ್ಟಿಯೇ. ಇದು ಬಡವರ ಉಪಾಯ ಅಲ್ಲ, ಸರಿಯಾದ ಉಪಾಯ.

ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ನಂಬಬಹುದಾ? ಕಲಬುರಗಿಯಿಂದ ಹುಮನಾಬಾದ್ ಕಡೆ, ಜೇವರ್ಗಿ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರ ಕಲ್ಲುಗಳನ್ನು ನೋಡಿ ಓಡುವವರಿದ್ದಾರೆ. ರಸ್ತೆ ಅಗಲವಾದಾಗ, ಬೈಪಾಸ್ ಬಂದಾಗ ಕಲ್ಲು ಅದೇ ಲೆಕ್ಕಕ್ಕೆ ಕೂರುತ್ತದೆ ಅಂತ ಹೇಳಲಾಗದು. ಲಾರಿಗಳ ಭಯ ಬೇರೆ. ನನ್ನ ಮಾತು ಕೇಳುವುದಾದರೆ ಹೆದ್ದಾರಿ ಬಿಡಿ. ಗೂಗಲ್ ಮ್ಯಾಪಿನಲ್ಲಿ ಒಂದು ಜಾಗ ಒತ್ತಿ ಹಿಡಿದು 'ಮೆಷರ್ ಡಿಸ್ಟೆನ್ಸ್' ಆರಿಸಿದರೆ ನೇರ ರಸ್ತೆಯ ಅಳತೆ ಚೆನ್ನಾಗಿಯೇ ಸಿಗುತ್ತದೆ. ಸೈಕಲ್ ಅಳತೆಗೆ ಅದನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಿ.

ಈಗ ಆ ಅಳೆದ ಕಿಲೋಮೀಟರಿನಲ್ಲಿ ಬೇರೆ ಬೇರೆ ದಿನ ಹೋಗಿ ಬಂದು, ವಾಚ್ ಎಷ್ಟು ತೋರಿಸಿತು ಅಂತ ಬರೆದಿಡಿ. ಕಿರಾಣಿ ಅಂಗಡಿಯ ತಕ್ಕಡಿ ಯಾವಾಗಲೂ 50 ಗ್ರಾಂ ಜಾಸ್ತಿ ತೋರಿಸಿದರೆ ಕಳೆದುಕೊಂಡು ಲೆಕ್ಕ ಮಾಡಬಹುದು. ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ತೋರಿಸಿದರೆ ಅದನ್ನು ಇಟ್ಟುಕೊಂಡು ವ್ಯಾಪಾರ ಆಗದು. ವಾಚೂ ಹಾಗೆಯೇ. ಪ್ರತಿ ಸಲ 1.02 ಬಂದರೆ ಅದು ಒಳ್ಳೆಯ ವಾಚ್, ನೂರಕ್ಕೆ ಎರಡು ಕಳೆದುಕೊಳ್ಳಿ, ಪ್ಲಾನ್ ಮುಂದುವರಿಸಿ. ಇವತ್ತು 0.95, ನಾಳೆ 1.06 ಬಂದರೆ ಮೇಲಿನ ದೋಷಗಳಲ್ಲಿ ಯಾವುದೋ ಇನ್ನೂ ಉಳಿದಿದೆ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ವಾಚ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಫೋನಾದರೆ ಸೊಂಟದ ಬೆಲ್ಟಿನಿಂದ ತೆಗೆದು ತೋಳಿಗೆ ಕಟ್ಟಿ ನೋಡಿ. ನಮ್ಮ ಮೈಯಲ್ಲಿ ನೀರೇ ಜಾಸ್ತಿ, ಅದು ಸಿಗ್ನಲ್ ತಡೆಯುತ್ತದೆ. ಇಷ್ಟಾದರೂ ಚದುರಿದರೆ ಅದೇ ಓಟಕ್ಕೆ ಬೇರೆಯವರ ವಾಚ್ ಕಟ್ಟಿಕೊಂಡು ಹೋಗಿ ಹೋಲಿಸಿ. ಅದು ಸರಿ ತೋರಿಸಿದರೆ ನಿಮ್ಮ ಉಪಕರಣದ್ದೇ ದೋಷ ಅಂತ ತೀರ್ಮಾನಿಸಬಹುದು.

ಓಡುತ್ತಿರುವಾಗ ವಾಚಿನ ಮುಖದ ಮೇಲೆ ಕುಣಿಯುವ ಆ ಕ್ಷಣದ ಪೇಸನ್ನು ಹಿಂಬಾಲಿಸಬೇಡಿ. ಅದು ಕೆಲವೇ ಸೆಕೆಂಡುಗಳ ಲೆಕ್ಕ, ಬಯಲಲ್ಲೂ ಏರುಪೇರಾಗುತ್ತದೆ. ಲ್ಯಾಪ್ ಪೇಸ್, ಅಂದರೆ ಈ ಲ್ಯಾಪ್ (ಸುತ್ತು ಅಥವಾ ಕಿಲೋಮೀಟರ್) ಶುರುವಾದಾಗಿನಿಂದ ಈತನಕದ ಸರಾಸರಿ, ಇಟ್ಟುಕೊಳ್ಳಿ. ಎತ್ತರದ ಅಂಕಿಯೂ ಅಷ್ಟೇ. ಉಪಗ್ರಹದಿಂದ ಸಿಗುವ ಎತ್ತರದಲ್ಲಿ ಅಡ್ಡ ದೂರಕ್ಕಿಂತ ತಪ್ಪು ಜಾಸ್ತಿ. ಯಾದಗಿರಿ ಬೆಟ್ಟದ ಕೋಟೆ ಹತ್ತಿ ಇಳಿಯುವವರು ಗಾಳಿಯ ಒತ್ತಡ ಅಳೆಯುವ ವಾಚ್ ಇದ್ದರೆ ಅದರ ಸಣ್ಣ ರಂಧ್ರದಲ್ಲಿ ಬೆವರಿನ ಉಪ್ಪು ಕಟ್ಟದಂತೆ ಸಿಹಿ ನೀರಲ್ಲಿ ತೊಳೆಯುತ್ತಿರಬೇಕು.

ಎದೆಬಡಿತದ ಅಂಕಿಯಲ್ಲೂ ಒಂದು ಮೋಸ ಇದೆ. ಈಸಿ ಓಟದಲ್ಲಿ, ಆರಾಮಾಗಿ ಮಾತಾಡುತ್ತಾ ಹೋಗುತ್ತಿದ್ದರೂ ವಾಚ್ 170 ತೋರಿಸಿತು ಅನ್ನಿ. ನಿಮಿಷಕ್ಕೆ ನಿಮ್ಮ ಹೆಜ್ಜೆ ಎಷ್ಟು ಅಂತ ನೋಡಿ. ಅದೂ 170 ಇದ್ದರೆ ವಾಚಿನ ಬೆಳಕಿನ ಸೆನ್ಸರ್ ರಕ್ತದ ಬಡಿತ ಬಿಟ್ಟು ಹೆಜ್ಜೆಯ ಅದುರನ್ನು ಎಣಿಸುತ್ತಿದೆ. ಪಟ್ಟಿ ಒಂದು ತೂತು ಬಿಗಿ ಮಾಡಿ, ಮಣಿಕಟ್ಟಿನ ಎಲುಬಿಗಿಂತ ಎರಡು ಬೆರಳು ಮೇಲೆ ಕಟ್ಟಿ. ಎದೆಗೆ ಕಟ್ಟುವ ಪಟ್ಟಿ ಇದ್ದರೆ ಅದೇ ನಂಬಿಕಸ್ಥ.

ಅಳತೆ ಸರಿ ಇದೆ, ಪೇಸ್ ಆದರೂ ಸಿಗುತ್ತಿಲ್ಲ

ಈಗ ಮೈ ನೋಡುವ ಹೊತ್ತು. ನಮ್ಮ ಕಡೆ ಮೊದಲ ಅನುಮಾನ ಬಿಸಿಲಿನ ಮೇಲೆಯೇ ಹೋಗಬೇಕು.

ನಮ್ಮ ಭಾಗದ ಓಟಗಾರರಿಗೆ ಹತ್ತಿರದ ದೊಡ್ಡ ಸ್ಪರ್ಧೆ ಹೈದರಾಬಾದ್ ಮ್ಯಾರಥಾನ್. ಅದು ಆಗಸ್ಟ್ ತಿಂಗಳಲ್ಲಿ. 16 ವಾರದ ಪ್ಲಾನ್ ಹಿಡಿದು ಹಿಂದಕ್ಕೆ ಎಣಿಸಿ ನೋಡಿ, ಮೊದಲ ವಾರ ಬಂದು ಬೀಳುವುದು ಮೇ ತಿಂಗಳ ಆಸುಪಾಸಿಗೆ. ಕಲಬುರಗಿಯ ಮೇ ಹೇಗಿರುತ್ತದೆ ಅಂತ ಬೇರೆ ಹೇಳಬೇಕಾ? ಹಗಲು 40 ಡಿಗ್ರಿ ದಾಟುವುದು ಮಾಮೂಲು. ರಾತ್ರಿ ಮಾಳಿಗೆ ಮೇಲೆ ಮಲಗಿದರೂ ಸರಿ ನಿದ್ದೆ ಇಲ್ಲ. ಬೆಳಿಗ್ಗೆ ಪೌಣೆ ಆರಕ್ಕೆಲ್ಲ ಸೂರ್ಯ ಹುಟ್ಟುತ್ತಾನೆ. ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ತೆರೆಯುವುದರಿಂದ ನೌಕರಿ ಇರುವವರಿಗೆ ಓಡಲು ಸಿಗುವ ಹೊತ್ತೂ ಮೊಟಕು. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಪ್ಲಾನಿಗೆ ಇದ್ಯಾವುದೂ ಗೊತ್ತಿಲ್ಲ. ತಂಪು ನಾಡಿನವರಿಗೆ ಬರೆದ ಪೇಸನ್ನು ಅದು ನಿಮಗೂ ಹೇಳುತ್ತದೆ.

ಸೆಕೆಯಲ್ಲಿ ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಕಾಲಿಗೆ ಕಡಿಮೆಯಾಗುತ್ತದೆ. ಅದೇ ವೇಗಕ್ಕೆ ಎದೆ ಜಾಸ್ತಿ ಹೊಡೆದುಕೊಳ್ಳಬೇಕು. ಪೇಸ್ ಒಂದೇ ಇದ್ದೂ ಓಟದ ಎರಡನೇ ಅರ್ಧದಲ್ಲಿ ಬಡಿತ ಹತ್ತು ಹದಿನೈದು ಮೇಲೇರಿದರೆ ಅದು ಸೆಕೆ ಮತ್ತು ನೀರಿನ ಕೊರತೆಯ ಗುರುತು. ಖಚಿತ ಮಾಡಿಕೊಳ್ಳಲು ಮಳೆ ಬಂದು ತಂಪಾದ ಬೆಳಿಗ್ಗೆ ಅದೇ ಅಳೆದ ಕಿಲೋಮೀಟರಿನಲ್ಲಿ ಓಡಿ. ಪೇಸ್ ವಾಪಸ್ ಬಂದರೆ ನಿಮ್ಮ ಶಕ್ತಿ ಎಲ್ಲೂ ಹೋಗಿಲ್ಲ, ಪ್ಲಾನೂ ಕೆಟ್ಟಿಲ್ಲ.

ಬಿಸಿಲಿಗೆ ಮಾಡಬೇಕಾದ ಬದಲಾವಣೆ ಸರಳ: ಕಿಲೋಮೀಟರನ್ನು ನಿಮಿಷಕ್ಕೆ ತಿರುಗಿಸಿ. ಪ್ಲಾನ್ 8 ಕಿಲೋಮೀಟರ್ ಈಸಿ, 7 ನಿಮಿಷದ ಪೇಸ್ ಅನ್ನುತ್ತದೆ. ಅದು 56 ನಿಮಿಷ. ನೀವು 56 ನಿಮಿಷ ಓಡಿ, ದೂರ ಎಷ್ಟಾದರೂ ಆಗಲಿ. ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಅದೇ ಮಿತಿ. ಇಂಟರ್ವಲ್ಲನ್ನೂ ಹೀಗೇ ಮಾಡಬಹುದು: 600 ಮೀಟರ್ ಬದಲು 3 ನಿಮಿಷ ಜೋರು, 2 ನಿಮಿಷ ನಿಧಾನ. ಆಗ ಜಿಪಿಎಸ್ ತಪ್ಪಿದರೂ ತರಬೇತಿ ತಪ್ಪುವುದಿಲ್ಲ. ಒಂದೇ ಬದಲಾವಣೆಗೆ ಎರಡೂ ದೋಷದ ಪೆಟ್ಟು ತಪ್ಪುತ್ತದೆ, ಅದಕ್ಕೇ ನಾನು ಬೇಸಿಗೆಯಲ್ಲಿ ಎಲ್ಲರಿಗೂ ಇದನ್ನೇ ಹೇಳುವುದು.

ಸೆಕೆಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಆ ಹೊತ್ತಲ್ಲಿ ಜೋರು ಓಟ ಬೇಡ. ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಒಆರ್‌ಎಸ್ ಆದರೆ ಪಾಕೀಟಿನ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ತಲೆ ಸುತ್ತಿದರೆ, ಸೆಕೆಯಲ್ಲೂ ಚಳಿ ಹತ್ತಿ ಮೈ ನವಿರೆದ್ದರೆ, ಮಾತು ತೊದಲಿದರೆ ಅಲ್ಲೇ ನಿಲ್ಲಿ. ನೆರಳಿಗೆ ಹೋಗಿ, ಮೈಮೇಲೆ ನೀರು ಹಾಕಿಸಿಕೊಳ್ಳಿ, ದವಾಖಾನೆಗೆ ಹೋಗಿ. ಇದರಲ್ಲಿ ಹಟ ಬೇಡ.

ತಂಪು ದಿನದಲ್ಲೂ ಪೇಸ್ ಬರಲಿಲ್ಲವಾ? ಆಗ ದಣಿವು ನೋಡಿ. ಬೆಳಿಗ್ಗೆ ಹಾಸಿಗೆಯಲ್ಲೇ ಎಣಿಸಿದ ಬಡಿತ ಎಂದಿಗಿಂತ ಐದು ಹತ್ತು ಜಾಸ್ತಿ ಇದ್ದು ಹಲವು ದಿನ ಇಳಿಯದಿದ್ದರೆ, ಮೆಟ್ಟಿಲು ಹತ್ತುವಾಗ ತೊಡೆ ಭಾರ ಅನಿಸಿದರೆ, ನಿದ್ದೆ ಕೆಟ್ಟಿದ್ದರೆ, ಆ ವಾರದ ಓಟದಲ್ಲಿ ಮೂರನೇ ಒಂದು ಪಾಲು ತೆಗೆದುಹಾಕಿ. ಜೋರು ಓಟವನ್ನು ಮೊದಲು ತೆಗೆಯಿರಿ, ಈಸಿ ಓಟವನ್ನು ಉಳಿಸಿ. ಒಂದು ವಾರದಲ್ಲಿ ಚೇತರಿಸಿಕೊಂಡರೆ ಪ್ಲಾನ್ ಇದ್ದಲ್ಲಿಂದಲೇ ಹಿಡಿಯಿರಿ.

ಸೆಕೆಯೂ ಇಲ್ಲ, ದಣಿವೂ ಇಲ್ಲ, ಮೊದಲ ವಾರದಿಂದಲೇ ಪೇಸ್ ಕೈಗೆ ಸಿಕ್ಕಿಲ್ಲ ಅಂದರೆ ಮಾತ್ರ ಪ್ಲಾನಿನ ಬುಡ ತಪ್ಪಿದೆ. ಶುರುವಿನಲ್ಲಿ ನೀವು ತುಂಬಿದ 5 ಅಥವಾ 10 ಕಿಲೋಮೀಟರಿನ ಸಮಯ ಎಲ್ಲಿಂದ ಬಂತು? ಜಿಪಿಎಸ್ ಹಾರಿದ ದಿನದ 'ದಾಖಲೆ'ಯಿಂದ ಬಂದಿರಬಹುದು. ಅಳೆದ ನೆಲದಲ್ಲಿ, ತಂಪು ಹೊತ್ತಲ್ಲಿ 5 ಕಿಲೋಮೀಟರ್ ಓಡಿ, ಕೈಗಡಿಯಾರದ ಸಮಯ ತುಂಬಿ ಪ್ಲಾನ್ ಹೊಸದಾಗಿ ಮಾಡಿಸಿ.

ತಪ್ಪಿದ ದಿನಗಳ ವಿಚಾರ ಬೇಗ ಹೇಳಿಬಿಡುತ್ತೇನೆ. ಮದುವೆ, ಜಾತ್ರೆ, ಊರಿಗೆ ಹೋದದ್ದು, ಎರಡು ಮೂರು ದಿನ ತಪ್ಪಿದರೆ ತಪ್ಪಿತು, ಅದನ್ನು ಮುಂದಿನ ವಾರಕ್ಕೆ ತುರುಕಬೇಡಿ. ಒಂದು ವಾರ ತಪ್ಪಿದರೆ ಹಿಂದಿನ ವಾರವನ್ನು ಇನ್ನೊಮ್ಮೆ ಮಾಡಿ. ಎರಡು ವಾರವಾದರೆ ದಮ್ಮು ನಿಜವಾಗಿಯೂ ಇಳಿಯಲು ಶುರುವಾಗಿರುತ್ತದೆ, ಅರ್ಧದಷ್ಟರಿಂದ ಹಿಡಿದು ಎರಡು ವಾರದಲ್ಲಿ ಮೇಲೆ ಬನ್ನಿ. ತಿಂಗಳಾದರೆ ಗುರಿಯನ್ನೇ ಬದಲಿಸಿ. ಜ್ವರ ಇದ್ದಾಗ ಓಡಬೇಡಿ.

ಮತ್ತೆ ನೋವು. ಮಾಂಸಖಂಡ ಅಗಲವಾಗಿ ನೋಯುವುದು, ಓಡುತ್ತಾ ಓಡುತ್ತಾ ಸಡಿಲವಾಗುವುದು ಒಂದು ತರ. ಎಲುಬಿನ ಮೇಲೆ ಒಂದೇ ಬೆರಳಿನಿಂದ ಒತ್ತಿ ತೋರಿಸಬಹುದಾದ ನೋವು, ಓಡಿದಷ್ಟೂ ಏರುವ ನೋವು, ರಾತ್ರಿ ಎಚ್ಚರಿಸುವ ನೋವು ಇನ್ನೊಂದು ತರ. ಎರಡನೆಯದಕ್ಕೆ ಪ್ಲಾನ್ ಹೊಂದಿಸುವ ಮಾತೇ ಇಲ್ಲ. ಓಟ ನಿಲ್ಲಿಸಿ, ಎಲುಬಿನ ಡಾಕ್ಟರಿಗೆ ತೋರಿಸಿ.

ಸ್ಪರ್ಧೆಯ ದಿನ ವಾಚ್ ಯಾಕೆ 21.3 ತೋರಿಸುತ್ತದೆ

ಇದು ದೋಷವೇ ಅಲ್ಲ, ಆದರೂ ಫಿನಿಶ್ ಲೈನ್ ದಾಟಿದವರೆಲ್ಲ ಕೇಳುತ್ತಾರೆ. ಪ್ರಮಾಣಿತ ರಸ್ತೆಯನ್ನು ಅಳೆಯುವಾಗ ತಿರುವುಗಳ ಒಳ ಅಂಚು ಹಿಡಿದು, ಸಾಧ್ಯವಿರುವ ಅತಿ ಹತ್ತಿರದ ದಾರಿಯನ್ನು ಅಳೆಯುತ್ತಾರೆ. ಕಡಿಮೆಯಾಗದಿರಲಿ ಅಂತ ಪ್ರತಿ ಕಿಲೋಮೀಟರಿಗೆ 1 ಮೀಟರ್ ಕೂಡಿಸುತ್ತಾರೆ. ಓಡುವ ನಾವು ಜನರ ನಡುವೆ ಆಚೆ ಈಚೆ ಸರಿಯುತ್ತೇವೆ, ನೀರಿನ ಟೇಬಲ್ಲಿಗೆ ಹೋಗುತ್ತೇವೆ. ಜೊತೆಗೆ ಜಿಪಿಎಸ್ಸಿನ ಅಂಕುಡೊಂಕು ಕೂಡುತ್ತದೆ. ವಾಚಿನಲ್ಲಿ 21.3 ಬಿದ್ದೀತು ಅಂತ ಮೊದಲೇ ಲೆಕ್ಕ ಹಿಡಿಯಿರಿ. 6 ನಿಮಿಷದ ಪೇಸಿನ ಗುರಿ ಇದ್ದರೆ ವಾಚಿನಲ್ಲಿ 5 ನಿಮಿಷ 56 ಸೆಕೆಂಡ್ ಕಾಣುತ್ತಿರಬೇಕು. ಇನ್ನೂ ಒಳ್ಳೆಯದೆಂದರೆ ವಾಚ್ ತಾನೇ ಕಿಲೋಮೀಟರ್ ಗುರುತಿಸುವ ಆಟೊ ಲ್ಯಾಪ್ ಆಫ್ ಮಾಡಿ, ರಸ್ತೆ ಬದಿಯ ಕಿಲೋಮೀಟರ್ ಬೋರ್ಡ್ ಬಂದಾಗೆಲ್ಲ ಲ್ಯಾಪ್ ಬಟನ್ ನೀವೇ ಒತ್ತಿ. ಫ್ಲೈಓವರ್ ಕೆಳಗೆ ಸಿಗ್ನಲ್ ಹೋದರೂ ನಿಮ್ಮ ಲೆಕ್ಕ ಹೋಗುವುದಿಲ್ಲ.

ಹಳೆಯ ತಪ್ಪುಗಳನ್ನು ಅಳಿಸಿ

ವಾಚ್ ಸರಿಹೋದ ಮೇಲೂ ಆ್ಯಪ್ ಹಳೆಯ ಓಟಗಳನ್ನು ನೆನಪಿಟ್ಟಿರುತ್ತದೆ. ಸಿಗ್ನಲ್ ಹಾರಿ, ಒಂದು ಕಿಲೋಮೀಟರ್ 3 ನಿಮಿಷಕ್ಕೆ ಮುಗಿದಂತೆ ಬಿದ್ದ ಓಟ ಒಂದೇ ಇದ್ದರೂ ಸಾಕು, ಅದು ನಿಮ್ಮ ಅತ್ಯುತ್ತಮ ಸಮಯವಾಗಿ ಕೂತು ಎಲ್ಲ ಗುರಿಯನ್ನೂ ಎಳೆಯುತ್ತದೆ. ಅಂಥ ಓಟ ತೆರೆದು ದೂರ ತಿದ್ದಿ. ತಿದ್ದಲು ಬರದಿದ್ದರೆ ಅಳಿಸಿ, ಸಮಯ ಮತ್ತು ನಿಜವಾದ ದೂರ ಹಾಕಿ ಕೈಯಿಂದ ಸೇರಿಸಿ. ಆಮೇಲೆ ಪ್ಲಾನಿನ ಪೇಸುಗಳನ್ನು ಮತ್ತೊಮ್ಮೆ ಲೆಕ್ಕ ಹಾಕಿಸಿ.

ಇಷ್ಟು ಮಾಡಿಯೂ ಬಗೆಹರಿಯದೆ ಯಾರ ಹತ್ತಿರವಾದರೂ ಕೇಳುವಾಗ ಬರೀ "ಜಿಪಿಎಸ್ ಸರಿ ಇಲ್ಲ" ಅನ್ನಬೇಡಿ. ನಕ್ಷೆಯ ಗೆರೆ ದೊಡ್ಡದಾಗಿ ಕಾಣುವ ಚಿತ್ರ, ವಾಚಾ ಮೊಬೈಲಾ, ಯಾವ ಮೋಡ್, ಅಳೆದ ದೂರ ಎಷ್ಟು ವಾಚ್ ತೋರಿಸಿದ್ದೆಷ್ಟು, ಓಡಿದ ಹೊತ್ತು, ಅವತ್ತಿನ ಸೆಕೆ, ಹಿಂದಿನ ರಾತ್ರಿಯ ನಿದ್ದೆ, ಇಷ್ಟನ್ನು ಜೊತೆಗೆ ಕಳಿಸಿ. ನೋಡುವವರಿಗೆ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ.